ಚೀಲತ್ತೆ ಸಾಲಿನಲ್ಲಿ ನಿಂತ ದಿನ

ಅವಳ ಹೆಗಲ ಮೇಲಿನ ಚೀಲ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಲಾರಿ ಸೀಟಿಗೆ ಹಾಕುವ ಕಂದು ರೆಕ್ಸಿನ್, ಎರಡೆರಡು ಸಲ ಹೊಡೆದ ಹೊಲಿಗೆ, ಹೆಗಲಿಗೆ ಹಳೇ ಕಾರಿನ ಸೀಟ್ ಬೆಲ್ಟಿನ ಪಟ್ಟಿ. ಅವಳು ಕೆಲಸಕ್ಕಿದ್ದದ್ದು ಸೀಟ್ ಕವರ್ ಹೊಲಿಯುವ ಅಂಗಡಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ದಪ್ಪ ಸೂಜಿಯ ಮಷೀನಿನ ಮುಂದೆ ಕೂತು ಬಸ್ಸು, ಲಾರಿ, ಕಾರುಗಳಿಗೆ ಬಟ್ಟೆ ತೊಡಿಸುವವಳು. ಊರಿನ ಅರ್ಧ ಜನ ಇವಳ ಹೊಲಿಗೆಯ ಮೇಲೆ ಕೂತು ಓಡಾಡುತ್ತಾರೆ ಎಂದು ಅಂಗಡಿಯ ಯಜಮಾನ ಬಂದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಅಣ್ಣನ ಮಕ್ಕಳಿಗೆ ಮಾತ್ರ ಅವಳು ಚೀಲತ್ತೆ. ಹುಟ್ಟಿದಾಗಿನಿಂದ ಅವರು ಆ ಚೀಲವಿಲ್ಲದ ಅತ್ತೆಯನ್ನು ಕಂಡದ್ದೇ ಇಲ್ಲ.

ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಯಾರೂ ಕೂತು ಮಾಡಿದ್ದಲ್ಲ, ಗೋಡೆಯ ಪಾಚಿಯ ಹಾಗೆ ತಾನಾಗಿ ಬೆಳೆದದ್ದು. ಯಾರ ಕೈ ಖಾಲಿಯಿದೆಯೋ ಅವರು ಹೊರಬೇಕು. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಅಣ್ಣನ ಕೈಯಲ್ಲಿ ಒಂದು ಬೀಗದ ಕೈ ಇದ್ದರೂ ಅದು ತುಂಬಿದ ಕೈ. ಅತ್ತಿಗೆ ಮಗುವನ್ನು ನೆಲಕ್ಕೆ ಬಿಟ್ಟಿದ್ದರೂ ಅವಳದು ತುಂಬಿದ ಕೈ, ಹೆತ್ತವಳಲ್ಲವೆ! ಮದುವೆಯಾಗದ ತಂಗಿಯ ಕೈ ಮಾತ್ರ, ಅದರಲ್ಲಿ ಏನೇ ಇದ್ದರೂ, ಖಾಲಿ. "ನಿನ್ನ ಕೈ ಖಾಲಿ ತಾನೆ, ಇದನ್ನೂ ಸ್ವಲ್ಪ ಹಿಡ್ಕೋ" ಎನ್ನುವ ಮಾತನ್ನು ಅವಳು ಕೇಳದ ದಿನವಿಲ್ಲ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮದುವೆಯಾಗದೆ ಉಳಿದದ್ದಕ್ಕೆ ದೊಡ್ಡ ಕಥೆಯೇನೂ ಇರಲಿಲ್ಲ. ನೋಡಲು ಬಂದವನೊಬ್ಬ ಮದುವೆಯಾದ ಮೇಲೆ ಮಷೀನು ಬಿಡಬೇಕು ಎಂದ. ಅವಳು ಅವನನ್ನೇ ಬಿಟ್ಟಳು.

ಹೊರುವುದು ಅವಳಿಗೆ ಬೇಸರ ಎಂದೇನಲ್ಲ. ಚೀಲ ತುಂಬುವುದರಲ್ಲಿ ಅವಳಿಗೊಂದು ಹೆಮ್ಮೆಯೂ ಇತ್ತು. ಮೊದಲು ಬೇಕಾದದ್ದು ಮೇಲೆ, ಕೊನೆಗೆ ಬೇಕಾದದ್ದು ತಳಕ್ಕೆ, ಒದ್ದೆಯಾಗುವುದು ಒಂದು ಮಗ್ಗುಲಿಗೆ, ಒದ್ದೆಯಾಗಬಾರದ್ದು ಇನ್ನೊಂದು ಮಗ್ಗುಲಿಗೆ. ಅಣ್ಣನ ಮಗ, ನಾಲ್ಕು ವರ್ಷದ ಗುಂಡನಿಗೆ ಚಡ್ಡಿಗಳು ಹೆಚ್ಚು ಬೇಕು. ಅವನು ನೀರು ಕಂಡಲ್ಲೆಲ್ಲ ಇಳಿಯುವ ಎಮ್ಮೆಕರು. ಕೈಗೂಸು ಪಾಪುವಿಗೆ ಎರಡು ಬಾಟಲಿ, ನೋಡಲು ಒಂದೇ ಥರ. ಒಂದರಲ್ಲಿ ಕುದಿಸಿ ಆರಿಸಿದ ನೀರು, ಇನ್ನೊಂದರಲ್ಲಿ ಅಳೆದು ಹಾಕಿದ ಹಾಲಿನ ಪುಡಿ. ಕೊಡುವ ಹೊತ್ತಿಗೆ ಒಂದನ್ನು ಇನ್ನೊಂದಕ್ಕೆ ಸುರಿದು ಕಲಕಿದರೆ ಸಾಕು. ಎಲ್ಲರಿಗೂ ಕುಡಿಯುವ ನೀರು, ಹಣ್ಣು, ಬ್ರೆಡ್ಡು, ಟೋಪಿ, ಗಾಯದ ಪಟ್ಟಿ, ಜೊತೆಗೆ ಎಲ್ಲರ ಫೋನುಗಳೂ ಅಲ್ಲೇ. ಅಣ್ಣನಿಗೆ ಜೇಬಿನಲ್ಲಿ ಫೋನು ಇದ್ದರೆ ತೊಡೆಗೆ ಒತ್ತುತ್ತದಂತೆ. ಒತ್ತುವುದೆಲ್ಲ ತಂಗಿಯ ಹೆಗಲಿಗೆ ಒತ್ತಲಿ ಎನ್ನುವುದು ಅವನ ಸಿದ್ಧಾಂತ.

ವರ್ಷಕ್ಕೊಮ್ಮೆ ಆ ಮನೆಯವರು ಊರಾಚೆಯ ಆಟದ ಪಾರ್ಕಿಗೆ ಹೋಗುತ್ತಿದ್ದರು. ಅಲ್ಲಿ ಚೀಲತ್ತೆಯ ಸ್ಥಳ ಗೊತ್ತಾದದ್ದೇ, ಬೆಂಚು. ಬಾಗಿಲ ಬಳಿ ಸಾಮಾನು ಇಡುವ ಕಬ್ಬಿಣದ ಗೂಡುಗಳೇನೋ ಇದ್ದವು, ಆದರೆ ಆ ಚೀಲದ ಅರ್ಧವೂ ಅದರೊಳಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಉಳಿದವರು ದೋಣಿ ಹತ್ತುವಾಗ, ಪುಟ್ಟ ರೈಲು ಹತ್ತುವಾಗ, ಅವಳು ಬೆಂಚಿನಿಂದ ಕೈ ಬೀಸುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ಪಾರ್ಕಿನ ಒಂದು ಆಟಕ್ಕೂ ಕೂತಿರಲಿಲ್ಲ.

ಈ ಸಲ ಹಾಗಾಗಕೂಡದು ಎಂದು ಅವಳು ತೀರ್ಮಾನಿಸಿದ್ದಳು. ಪಾರ್ಕಿನ ನಡುವೆ ಒಂದು ರೋಲರ್ ಕೋಸ್ಟರ್ ಇತ್ತು. ಮಕ್ಕಳು ಅದನ್ನು ಹಾವು ಎನ್ನುತ್ತಿದ್ದರು. ಅದರ ಬುಡದಲ್ಲಿ ಎತ್ತರ ನೋಡುವ ಹಲಗೆ. ಕೆಂಪು ಗೆರೆ ಮುಟ್ಟದವರಿಗೆ ಪ್ರವೇಶವಿಲ್ಲ. ಮುಟ್ಟಿದರೂ ಚಿಕ್ಕ ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ಅಣ್ಣನ ದೊಡ್ಡ ಮಗಳು ಚೂಟಿ ಹೋದ ವರ್ಷ ಎರಡು ಬೆರಳು ಕಡಿಮೆ ಬಿದ್ದು, ಆ ಹಲಗೆಯನ್ನೇ ತಬ್ಬಿಕೊಂಡು ಅತ್ತಿದ್ದಳು. ಆಗ ಚೀಲತ್ತೆ ಅವಳ ಕಣ್ಣೊರೆಸಿ ಮಾತು ಕೊಟ್ಟಿದ್ದಳು: "ನೀನು ಗೆರೆ ಮುಟ್ಟಿದ ದಿನ ನಿನ್ನ ಪಕ್ಕ ಕೂರೋದು ನಾನೇ." ಬೇರೆ ಯಾರು ಕೂರುತ್ತಾರೆ? ಅಣ್ಣನಿಗೆ ಸ್ಟೂಲು ಹತ್ತಿ ಬಲ್ಬು ಹಾಕಿದರೂ ತಲೆ ಸುತ್ತುತ್ತದೆ. ಅತ್ತಿಗೆಯ ಎದೆಗೆ ಪಾಪು ಅಂಟಿಕೊಂಡಿದೆ.

ಈ ವರ್ಷ ಚೂಟಿಯ ತಲೆ ಗೆರೆಯನ್ನು ದಾಟಿತು. ಆದರೂ ಮೊದಲು ಗುಂಡನ ಆಟ, ಆಮೇಲೆ ಊಟ, ಆಮೇಲೆ ಪಾಪುವಿನ ನಿದ್ದೆ ಎಂದು ಹಾವಿನ ಸರದಿ ಹಿಂದೆ ಹಿಂದೆ ಹೋಗಿ ಬಿಸಿಲು ಇಳಿಯುವ ಹೊತ್ತಾಯಿತು. ಕೊನೆಗೆ ಚೂಟಿ ಅತ್ತೆಯ ಬೆರಳು ಹಿಡಿದು ಎಳೆದಾಗ ಅತ್ತಿಗೆ ಬಾಯಿ ತೆರೆದಳು.

"ಈಗಲಾ? ನೀನು ಹೋಗಿಬಿಟ್ರೆ ಚೀಲ ಯಾರು ನೋಡ್ಕೋತಾರೆ? ನಂಗೂ ಸಾಕಾಗಿ ಹೋಗಿದೆ. ಮುಂದಿನ ವರ್ಷ ಹೋದ್ರಾಯ್ತು ಬಿಡು, ಹಾವೇನು ಓಡಿ ಹೋಗುತ್ತಾ?"

ಚೂಟಿ ಅಳಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು. ದೊಡ್ಡವರ ಮಾತಿಗೆ ಬೆಲೆಯಿದೆಯೇ ಇಲ್ಲವೇ ಎಂದು ಮಕ್ಕಳು ಒಂದೇ ಒಂದು ಸಲ ಹಾಗೆ ನೋಡುತ್ತಾರೆ. ಆಮೇಲೆ ನೋಡುವುದಿಲ್ಲ.

ಚೀಲತ್ತೆ ಎದ್ದಳು. ಚೀಲವನ್ನು ಇಳಿಸಿ ಅಣ್ಣನ ಕಾಲ ಬಳಿ ಇಟ್ಟಳು.

"ಮುಂದಿನ ವರ್ಷ ಅಲ್ಲ ಅತ್ತಿಗೆ, ಇವತ್ತೇ. ಚೀಲ ಇಲ್ಲಿದೆ. ನಾವು ಅಲ್ಲಿರ್ತೀವಿ."

ಅಂಥ ದನಿಯನ್ನು ಆ ಮನೆಯವರು ಅವಳಿಂದ ಕೇಳಿರಲಿಲ್ಲ. ಅಣ್ಣ ಗಡಿಬಿಡಿಯಲ್ಲಿ ಚೀಲ ಎತ್ತಿಕೊಂಡು ಅವರ ಹಿಂದೆ ನಾಲ್ಕು ಹೆಜ್ಜೆ ಬಂದ. "ತಡೀರೇ, ನೀರಾದ್ರೂ ಕುಡಿದು ಹೋಗಿ" ಎಂದು ಮಗಳಿಗೆ ನೀರು ಕುಡಿಸಿದ, ಬಾಟಲಿಯನ್ನು ಒಳಗೆ ತುರುಕಿದ, ಹುಷಾರು ಎಂದ. ಹಾಗೆ ಹೇಳುತ್ತಲೇ ಚೀಲವನ್ನು ತಂಗಿಯ ಹೆಗಲಿಗೆ ಹಾಕಿದ. ಅವನು ಬೇಕೆಂದು ಹಾಕಲಿಲ್ಲ. ಅವಳೂ ತಿಳಿದು ಹೆಗಲು ಕೊಡಲಿಲ್ಲ. ಅವನ ಕೈ ಮೇಲೆದ್ದಿತು, ಅವಳ ಹೆಗಲು ತಾನಾಗಿ ಬಾಗಿತು. ಅಷ್ಟು ಜಗಳ ಆಡಿ ಗೆದ್ದ ಚೀಲತ್ತೆ ಚೀಲದೊಂದಿಗೇ ಸಾಲಿಗೆ ಹೋಗಿ ನಿಂತಳು.

ಸಾಲು ಮೆಟ್ಟಿಲು ಮೆಟ್ಟಿಲಾಗಿ ಸುತ್ತಿಕೊಂಡು ಒಂದು ಮಹಡಿ ಎತ್ತರದ ಕಟ್ಟೆಗೆ ಏರುತ್ತಿತ್ತು. ಇಬ್ಬರಿಗೂ ಮಾತು ನಿಲ್ಲಲಿಲ್ಲ. ಮುಂದಿನ ಸೀಟೋ ಹಿಂದಿನ ಸೀಟೋ, ಕಣ್ಣು ಮುಚ್ಚುವುದೋ ಬಿಡುವುದೋ ಎಂದು ಚರ್ಚೆಯಾಯಿತು. ನಡುವೆ ಚೂಟಿಗೆ ಹಸಿವಾಯಿತು. ಅತ್ತೆ ಚೀಲದಿಂದ ಬಿಸ್ಕತ್ತು ತೆಗೆದುಕೊಟ್ಟಳು, ಮತ್ತೆ ಜಿಪ್ಪು ಎಳೆದಳು. ಆಗಲೂ ಇಬ್ಬರಿಗೂ ಏನೂ ಹೊಳೆಯಲಿಲ್ಲ! ಭಾರ ಇಲ್ಲದಿದ್ದರೆ ಗೊತ್ತಾಗುತ್ತಿತ್ತು; ಇದ್ದದ್ದು ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಮೇಲೆ ತಲುಪಿದಾಗ. ಗೇಟಿನಲ್ಲಿ ಹಳದಿ ಅಂಗಿಯ, ಕೊರಳಲ್ಲಿ ಸೀಟಿ ನೇತುಹಾಕಿಕೊಂಡ ನಡುವಯಸ್ಸಿನವನೊಬ್ಬ ನಿಂತಿದ್ದ. ಅವನು ಚೂಟಿಯ ಎತ್ತರ ನೋಡಿ ತಲೆಯಾಡಿಸಿದ. ಅತ್ತೆಯ ಹೆಗಲು ನೋಡಿ ಕೈ ಅಡ್ಡ ಹಿಡಿದ.

"ಚೀಲ ತಗೊಂಡು ಬರೋ ಹಾಗಿಲ್ಲ ಅಮ್ಮ."

ಅವಳು ತನ್ನ ಹೆಗಲನ್ನು ತಾನೇ ನೋಡಿಕೊಂಡಳು. ಇಂಗು ತಿಂದ ಮಂಗನ ಹಾಗಾಯಿತು ಅವಳ ಮುಖ. "ಇಲ್ಲೇ ಒಂದು ಮೂಲೇಲಿ ಇಟ್ಟು ಹೋಗ್ತೀನಿ."

"ಇಲ್ಲಿ ಇಡೋ ಹಾಗೂ ಇಲ್ಲ. ಕೆಳಗೆ ಯಾರಿಗಾದ್ರೂ ಕೊಡ್ಬೇಕು. ಆದ್ರೆ ಸಾಲಿನ ಹಿಂದೆ ಸರಪಳಿ ಹಾಕಿ ಆಯ್ತು, ಇಳಿದವರು ಮತ್ತೆ ಹತ್ತೋಕಾಗಲ್ಲ. ಇವತ್ತಿಗೆ ಇದೇ ಕೊನೆ ಸಾಲು."

ಅವಳು ಫೋನು ತೆಗೆದು ಅಣ್ಣನಿಗೆ ಮಾಡಿದಳು. ಚೀಲದ ಒಳಗಿನಿಂದ ಅಣ್ಣನ ಫೋನು ಹಾಡಿತು. ಅತ್ತಿಗೆಗೆ ಮಾಡಿದಳು. ಅದೂ ಅಲ್ಲೇ ಗುಂಯ್ ಎಂದಿತು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ಚೂಟಿ ಮಾತ್ರ ನಗಲಿಲ್ಲ. "ಹೋಗ್ಲಿ ಬಿಡು ಅತ್ತೆ, ಇಳಿಯೋಣ" ಎಂದಳು.

ಆ ಮಾತು ಚೀಲತ್ತೆಯ ಎದೆಗೆ ಸೂಜಿಯ ಹಾಗೆ ನಾಟಿತು. ಏಳು ವರ್ಷದ ಹುಡುಗಿ ಆಗಲೇ ಹೋಗಲಿ ಬಿಡು ಎನ್ನಲು ಕಲಿತಿದೆ. ಯಾರನ್ನು ನೋಡಿ ಕಲಿಯಿತು? ಇನ್ನಾರನ್ನು! ಅವಳಿಗೆ ಅಣ್ಣನಿಗಿಂತ ತನ್ನ ಬಾಗಿದ ಹೆಗಲಿನ ಮೇಲೇ ಕೆಂಡದಂಥ ಕೋಪ ಬಂತು.

"ಇಳಿಯೋ ಮಾತೇ ಇಲ್ಲ" ಎಂದಳು. ಸೀಟಿಯವನ ಕಡೆ ತಿರುಗಿದಳು. "ಚೀಲ ಕೆಳಗೆ ಹೋಗ್ಬೇಕು, ಅಷ್ಟೆ ತಾನೆ? ನಾನೇ ಜೊತೆಗೆ ಹೋಗ್ಬೇಕು ಅಂತ ರೂಲ್ಸ್ ಇದೆಯಾ?"

ಸೀಟಿಯವನು ತಲೆ ಕೆರೆದುಕೊಂಡ. "ಹಾಗೇನೂ ಬರೆದಿಲ್ಲ."

ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಉದ್ದನೆಯ ಬಟ್ಟೆ ಚೀಲದಲ್ಲೇ ಇತ್ತು. ಅದರ ಒಂದು ತುದಿಯನ್ನು ಪಟ್ಟಿಗೆ ಬಿಗಿದಳು, ಕಾಲಿನಿಂದ ಮೆಟ್ಟಿ ಹಿಡಿದು ಎಳೆದು ಗಂಟು ನೋಡಿದಳು. ಕಟ್ಟೆಯ ಕಂಬಿಯಿಂದ ಬಗ್ಗಿದರೆ ನೇರ ಕೆಳಗೆ ಅಣ್ಣ. ಮಗಳು ಹತ್ತುವುದನ್ನು ನೋಡಲು ಬಂದು ನಿಂತಿದ್ದ, ಎರಡು ಕೈಯಲ್ಲಿ ಎರಡು ಐಸ್‌ಕ್ರೀಮು, ಪಕ್ಕದಲ್ಲಿ ಬಾಯಿ ತೆರೆದ ಗುಂಡ.

"ಅಣ್ಣಾ! ಚೀಲ ಬರ್ತಿದೆ, ಹಿಡ್ಕೋ!"

ಅಣ್ಣ ತಲೆಯೆತ್ತಿದ. "ಅಯ್ಯೋ, ನನ್ನ ಎರಡು ಕೈಯೂ ತುಂಬಿದೆ ಕಣೇ!"

"ಹಾಗಾದ್ರೆ ತಿಂದು ಮುಗಿಸು, ಇಲ್ಲ ಎಸೀ! ಚೀಲ ಅಂತೂ ಇಳಿಯುತ್ತೆ!"

ಬಾವಿಗೆ ಕೊಡ ಇಳಿಸುವ ಹಾಗೆ ಅವಳು ಬಟ್ಟೆಯನ್ನು ಕೈಯಿಂದ ಕೈಗೆ ಬಿಡುತ್ತ ಹೋದಳು. ಸಾಲಿನವರು ಕಂಬಿಗೆ ಮುತ್ತಿಕೊಂಡರು. "ಮೆಲ್ಲಗೆ, ಮೆಲ್ಲಗೆ", "ಎಡಕ್ಕೆ ಬಿಡಿ", "ಹಿಡೀರಿ ಸ್ವಾಮಿ, ಏನ್ ನೋಡ್ತೀರಿ" ಎಂದು ಎಲ್ಲರೂ ಯಜಮಾನರೇ. ಸೀಟಿಯವನೂ ತಡೆಯಲಾರದೆ ಬಂದು ಬಟ್ಟೆಯ ತುದಿ ಹಿಡಿದ. ಅಣ್ಣ ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಎರಡು ಐಸ್‌ಕ್ರೀಮನ್ನೂ ಗುಂಡನ ಕೈಗೆ ಕೊಟ್ಟು ಚೀಲವನ್ನು ತಬ್ಬಿ ಹಿಡಿದ. ಹಿಡಿದ ರಭಸಕ್ಕೆ ಎರಡು ಹೆಜ್ಜೆ ಹಿಂದಕ್ಕೆ ಹೋದ. ಗುಂಡನಿಗೆ ಅಂದು ಹಬ್ಬ. ಚೀಲತ್ತೆ ಬಟ್ಟೆಯನ್ನೂ ಕೆಳಗೆ ಬಿಟ್ಟು, ಚೂಟಿಯ ಕೈ ಹಿಡಿದು ಗೇಟು ದಾಟಿದಳು.

ಮೊದಲ ಸೀಟೇ ಸಿಕ್ಕಿತು. ಕೂತ ತಕ್ಷಣ ಅವಳ ಹೆಬ್ಬೆರಳು ಅಭ್ಯಾಸದಂತೆ ಸೀಟಿನ ಅಂಚು ಸವರಿತು. "ಹೊಲಿಗೆ ಪರವಾಗಿಲ್ಲ" ಎಂದಳು. ಆಮೇಲೆ ಹಾವು ಏರಿತು. ಮರಗಳು ಕೆಳಗಾದವು, ಬೆಂಚುಗಳು ಕಡ್ಡಿಪೆಟ್ಟಿಗೆಯಾದವು. ಅವಳಿಗೆ ಭಯವಾಯಿತು, ಸುಳ್ಳು ಹೇಳುವುದೇಕೆ. ಹಾವು ಧುಮುಕಿದಾಗ ಚೂಟಿ ಕಿರುಚಿದಳು. ಅತ್ತೆ ಅವಳಿಗಿಂತ ಜೋರಾಗಿ ಕಿರುಚಿದಳು. ಮೊದಲ ಕಿರುಚು ಭಯದ್ದು, ಆಮೇಲಿನದೆಲ್ಲ ಖುಷಿಯದು. ಇಳಿಯುವಾಗ ಕೂದಲು ಗುಬ್ಬಿಯ ಗೂಡಾಗಿತ್ತು, ಅತ್ತೆ ಸೊಸೆ ಇಬ್ಬರೂ ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಕೆಳಗೆ ಬೇರೆಯೇ ಹವಾಮಾನ. ಪಾಪು ಮುಖ ಕೆಂಪು ಮಾಡಿಕೊಂಡು ಅರಚುತ್ತಿತ್ತು. ಚೀಲ ಬಾಯಿ ತೆರೆದು ಬಿದ್ದಿತ್ತು, ಬೆಂಚಿನ ತುಂಬ ಚಡ್ಡಿ, ಟೋಪಿ, ಬ್ರೆಡ್ಡು. ಅತ್ತಿಗೆ ಎರಡು ಬಾಟಲಿಗಳನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು.

"ಬರೀ ನೀರು ಕೊಟ್ಟೆ, ಉಗೀತು. ಇನ್ನೊಂದರಲ್ಲಿ ತಳದಲ್ಲಿ ಏನೋ ಪುಡಿ, ಹಳೇದೋ ಹೊಸದೋ ಯಾರಿಗೆ ಗೊತ್ತು! ಮಗು ಆವಾಗಿಂದ ಅಳ್ತಿದೆ, ನಿಂಗೆ ಆಟ. ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು!"

ಅಣ್ಣ ನೆಲ ನೋಡಿದ. ಇಷ್ಟು ವರ್ಷ ಯಾರೂ ಬಾಯಿ ಬಿಟ್ಟು ಹೇಳದೆ ಉಳಿಸಿಕೊಂಡಿದ್ದ ಮಾತು ಅದು. ಹೇಳಿದ ಅತ್ತಿಗೆಗೇ ಅದು ಹೆಚ್ಚಾಯಿತು ಎನ್ನಿಸಿರಬೇಕು, ಕಣ್ಣು ಬೇರೆ ಕಡೆ ಹೊರಳಿಸಿದಳು.

ಚೀಲತ್ತೆ ಬಾಟಲಿಗಳನ್ನು ತೆಗೆದುಕೊಂಡಳು, ನೀರನ್ನು ಪುಡಿಗೆ ಸುರಿದಳು, ಕಲಕಿದಳು, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಅತ್ತಿಗೆಯ ಕೈಗೆ ಕೊಟ್ಟಳು. ಪಾಪು ಸುಮ್ಮನಾಯಿತು. ಆಮೇಲೆ ಅವಳು ಮಾತಾಡಿದಳು, ದನಿ ಏರಿಸದೆ.

"ಹೆತ್ತವರು ನೀವು ಅತ್ತಿಗೆ, ಅದನ್ನ ಯಾರೂ ಕಿತ್ಕೊಳ್ಳಲ್ಲ. ಆದ್ರೆ ಈ ಬಾಟಲಿ ನಾನು ತುಂಬೋಕೆ ಶುರು ಮಾಡಿ ಎಷ್ಟು ಕಾಲ ಆಯ್ತು, ನೀವು ಒಂದು ದಿನ ಕೇಳಿಲ್ಲ. ಇವತ್ತು ತೋರಿಸಿದ್ದೀನಿ. ನಾಳೆ ನೀವು ತುಂಬಿ. ನಂಗೆ ಮಕ್ಕಳ ಮೇಲೆ ಪ್ರೀತಿ ಇದೆ, ಹೊರ್ತೀನಿ. ಮಕ್ಕಳಿಲ್ಲ ಅನ್ನೋ ತಪ್ಪಿಗೆ ಅಂತ ಮಾತ್ರ ಇನ್ನು ಹೊರಲ್ಲ."

ಅತ್ತಿಗೆ ಮಗುವಿನ ಬಾಯಿಯಲ್ಲಿ ಬಾಟಲಿ ಸರಿಮಾಡಿದಳು. ಅಣ್ಣ ಬೆಂಚಿನ ಮೇಲೆ ಹರಡಿದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದ, ಅಡ್ಡಾದಿಡ್ಡಿ ತುಂಬಿದ. ಜಿಪ್ಪು ಎಳೆದು ಎತ್ತಿದವನು ಒಂದು ಗಳಿಗೆ ತಂಗಿಯ ಹೆಗಲು ನೋಡಿದ. ಹೆಗಲು ಬಾಗಲಿಲ್ಲ. ಅವನು ಚೀಲವನ್ನು ತನ್ನ ಹೆಗಲಿಗೇ ಹಾಕಿಕೊಂಡ.

ಪಾರ್ಕಿನ ಬಾಗಿಲು ಬರುವಷ್ಟರಲ್ಲಿ ಅವನು ಎರಡು ಸಲ ಹೆಗಲು ಬದಲಾಯಿಸಿದ. ಪಟ್ಟಿ ಅವಳ ಅಳತೆಯದು, ಅವನ ಕಂಕುಳಿಗೆ ಕಚ್ಚುತ್ತಿತ್ತು.

"ಇಷ್ಟೊಂದು ಭಾರ ಇರುತ್ತೇನೇ ಇದು?"

"ನೀರು ಮುಗಿದಿದೆ, ಹಣ್ಣು ಮುಗಿದಿದೆ, ಹಾಲು ಈಗ ತಾನೆ ಮುಗೀತು" ಎಂದಳು ಅವಳು. "ಇದು ಹಗುರ ಆದ ಮೇಲಿನ ಚೀಲ ಅಣ್ಣ. ಬೆಳಗ್ಗೆ ನಾನು ಹೊತ್ಕೊಂಡು ಬಂದಿದ್ದನ್ನ ನೀನು ಎತ್ತಿ ನೋಡಿಲ್ಲ."

ಅಣ್ಣ ಬಸ್ಸಿನ ತನಕ ನಡೆದ ಮೇಲೆ, ಈ ಪಟ್ಟಿಯನ್ನು ಉದ್ದ ಮಾಡುವುದು ಹೇಗೆ ಎಂದು ಕೇಳಿದ. ಅವಳು ಬಕಲು ಎಲ್ಲಿದೆ ಎಂದು ಬೆರಳಿನಿಂದ ತೋರಿಸಿದಳು. ಎಳೆಯುವ ಕೆಲಸವನ್ನು ಅವನಿಗೇ ಬಿಟ್ಟಳು.