ಗೋಡೆಗೆ ಮುಖ ಮಾಡಿ ಕೂತವರು

ಮೊನ್ನೆ ಜಮಖಂಡಿಯ ನನ್ನ ಹೊಲಿಗೆ ಅಂಗಡಿಗೆ ಒಬ್ಬಾಕೆ ಹೊಸ ಕೆಂಪು ಸೀರೆ ತಂದಿದ್ದಳು, ಅದಕ್ಕೆ ಹೊಂದುವ ಕುಪ್ಪಸದ ಬಟ್ಟೆ ಬೇಕೆಂದು. ಮಡಿಕೆ ಬಿಚ್ಚಿದೆ. ನೂಲಿಗೆ ಹಾಕಿದ ಗಂಜಿಯ ವಾಸನೆ ಮೂಗಿಗೆ ಬಡಿಯಿತು... ಅಷ್ಟೇ ಸಾಕಾಯಿತು. ರಬಕವಿಯ ಓಣಿ, ಮಗ್ಗದ ಶೆಡ್ಡು, ಪಕ್ಕದ ಮನೆಯ ಕಾಕಿ, ಎಲ್ಲ ನೆನಪಾಯಿತು.

ಅದೇ ದಿನ ಬೆಳಗ್ಗೆ ನನ್ನ ಅಳಿಯ ಫೋನಿಗೆ ಒಂದು ಉಪದೇಶ ಕಳಿಸಿದ್ದ. ದಿನದ ಕೆಲಸ ಬೇಗ ಮುಗಿಸಲು ಹತ್ತು ಸೂತ್ರಗಳಂತೆ. ಮೊದಲನೆಯದು, ಐದಕ್ಕೆ ಏಳಿ. ನಮ್ಮ ಓಣಿಯಲ್ಲಿ ಐದರ ನಂತರವೂ ಮಲಗಿದ್ದರೆ ಜ್ವರ ಬಂದಿದೆಯೇನು ಎಂದು ಅಕ್ಕಪಕ್ಕದವರು ವಿಚಾರಿಸುತ್ತಿದ್ದರು. ಇಂಥವನ್ನು ಬರೆಯುವವರು ಒಂದು ದಿನವಾದರೂ ಮೈಮುರಿದು ದುಡಿದಿದ್ದಾರೆಯೇ ಎಂಬುದು ನನ್ನ ಗುಮಾನಿ. ಆ ಹತ್ತರಲ್ಲಿ ಉಪಯೋಗಕ್ಕೆ ಬರುವಂಥವು ಮೂರೋ ನಾಲ್ಕೋ ಇದ್ದವು. ಅವನ್ನು ಕಾಕಿ ನನಗೆ ಎಂದೋ ಕಲಿಸಿದ್ದಳು.

ಆಗ ನನಗೆ ಮದುವೆಯಾಗಿ ನಾಲ್ಕೈದು ವರ್ಷ. ಮನೆಯ ಹಿಂದಿನ ಶೆಡ್ಡಿಗೆ ಕಂಡಿಕೆ ಸುತ್ತಲು ಹೋಗುತ್ತಿದ್ದೆ. ಲಾಳಿಯೊಳಗೆ ಕೂರಿಸುವುದಕ್ಕೆ ಸಣ್ಣ ಕೊಳವೆಗೆ ನೂಲು ಸುತ್ತುತ್ತಾರಲ್ಲ, ಅದೇ ಕಂಡಿಕೆ. ಆರು ಜನ ಹೆಂಗಸರು ರಾಟಿ ಇಟ್ಟುಕೊಂಡು ದುಂಡಗೆ ಕೂರುತ್ತಿದ್ದೆವು. ಕಾಕಿ ನನ್ನ ಕೈಹಿಡಿದು ಕಲಿಸಿದಳು. ನೂಲಿನ ಲಡಿ ಎಡಕ್ಕೆ, ಸುತ್ತಿದ ಕಂಡಿಕೆ ಬಲಕ್ಕೆ, ಕೈ ಮೇಲೆ ಕೈ ಹಾಯಬಾರದು. ಹಿಡಿದ ಲಡಿ ಮುಗಿಯದೆ ಇನ್ನೊಂದಕ್ಕೆ ಕೈ ಹಾಕಬಾರದು. ಸಂಜೆ ಏಳುವ ಮೊದಲು ನಾಳಿನ ಮೊದಲ ಲಡಿ ಏರಿಸಿಡಬೇಕು, ಬೆಳಗ್ಗೆ ಬಂದವಳು ವಿಚಾರ ಮಾಡುತ್ತ ಕೂರಬಾರದು. ನೀರು ಕುಡಿಯಲು ಎದ್ದರೆ ಹಿಂದಿನಿಂದ ಕೂಗುತ್ತಿದ್ದಳು: "ಎದ್ದೀ ಅಂದ್ರ ಮೂರ್ ಕೆಲ್ಸ ಮುಗಿಸೇ ಕುಂದರಬೇಕ ನೋಡ ಬೇ!"

ಒಂದು ವಿಷಯದಲ್ಲಿ ಮಾತ್ರ ಅವಳು ಹೊತ್ತು ಕಳೆಯುತ್ತಿದ್ದಳು. ಹೊಸ ಲಡಿ ಬಿಚ್ಚಿದಾಗಲೆಲ್ಲ ಹಳೆಯದರ ಪಕ್ಕ ಹಿಡಿದು ಎಲ್ಲರಿಗೂ ತೋರಿಸುವಳು. "ನೋಡ್ರ ಬೇ, ಎರಡೂ ಒಂದ ಅದಾವಿಲ್ಲ?" ಒಂದೇ ಕೆಂಪಾದರೂ ಬಣ್ಣದ ಹಂಡೆ ಬೇರೆಯಾದರೆ ಕೂದಲೆಳೆಯಷ್ಟು ಫರಕು ಬರುತ್ತದೆ, ಸೀರೆಯ ಒಡಲಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. ಉಳಿದ ಐವರೂ ನೋಡಿ ಹೇಳುತ್ತಿದ್ದೆವು. ಅವಳ ಕಣ್ಣಿಗೆ ಪೊರೆ ಬಂದಿದ್ದು ನನಗೆ ಗೊತ್ತಿತ್ತು. ಹಾಗೆ ಕೇಳಿ ಕೇಳಿಯೇ ಅವಳು ತನ್ನ ಕೆಲಸ ಉಳಿಸಿಕೊಂಡಿದ್ದಳು. ಗಂಡ ಇರಲಿಲ್ಲ. ಬೀಳಗಿ ಕಡೆಯ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿತ್ತು. ಮಗಳ ಮನೆಯಲ್ಲಿ ಕೂತು ಉಣ್ಣುವ ದಿನ ಬರದಿರಲಿ ಎಂಬುದೊಂದೇ ಅವಳ ಬೇಡಿಕೆ.

ಇನ್ನು ನಮ್ಮ ಮಾಲಕ. ಎಂಟಕ್ಕೆ ಮುಂಚೆ ಹಾಸಿಗೆ ಬಿಟ್ಟವನಲ್ಲ, ಮಧ್ಯಾಹ್ನ ಉಂಡು ನೂಲಿನ ಗಂಟಿಗೆ ತಲೆಯಿಟ್ಟರೆ ನಾಲ್ಕಕ್ಕೇ ಏಳುವುದು. ಆ ಮಹಾಶಯ ಬೆಳಗಾವಿಯಲ್ಲಿ ಎರಡು ದಿನದ ತರಬೇತಿಗೆ ಹೋಗಿ, ಪುಕ್ಕಟೆ ಊಟ ಮಾಡಿ, ಒಂದು ಪ್ಲಾಸ್ಟಿಕ್ ಫೈಲು ಹಿಡಿದು, ಕುತ್ತಿಗೆಗೊಂದು ಸೀಟಿ ಹಾಕಿಕೊಂಡು ಬಂದ. ಬಂದವನೇ ಕಾಕಿಯ ಹಿಂದೆ ಗಡಿಯಾರ ಹಿಡಿದು ನಿಂತ. ಹುಟ್ಟಿದಾಗಿನಿಂದ ಒಂದೂ ಕಂಡಿಕೆ ಸುತ್ತದವನು ಅವಳ ಕೈಯ ವೇಗ ಅಳೆದ!

"ಮಾತಾಡಿದ್ರ ಕೈ ನಿಲ್ಲತಾವ, ಕೈ ನಿಂತ್ರ ಮಗ್ಗ ನಿಲ್ಲತೈತಿ," ಎಂದ. "ಇನ್ಮ್ಯಾಲೆ ಎಲ್ಲಾರೂ ಗ್ವಾಡಿಗೆ ಮಾರಿ ಮಾಡಿ ಕುಂದರ್ರಿ."

ಕೂತೆವು. ಗೋಡೆಯ ಮೇಲೆ ಆರು ಹೆಸರಿನ ಪಟ್ಟಿ ಬಂತು. ಸಂಜೆ ಯಾರದು ಹೆಚ್ಚೋ ಅವರ ಹೆಸರಿನ ಮುಂದೆ ನೀಲಿ ಚುಕ್ಕೆ. ಯಾರಾದರೂ ತುಟಿ ಬಿಚ್ಚಿದರೆ ಸೀಟಿ, ಆ ದಿನ ಚುಕ್ಕೆ ಇಲ್ಲ. ಇಂಥ ಹುಡುಗಾಟಕ್ಕೆ ನಾವು ನಗಬೇಕಿತ್ತು. ನಾನು ನಗಲಿಲ್ಲ. ಮೊದಲ ವಾರವೇ ನನಗೆ ನಾಲ್ಕು ಚುಕ್ಕೆ. ಐದನೆಯದಕ್ಕೆ ಹಪಹಪಿಸುತ್ತಿದ್ದೆ. ಒಂದು ನೀಲಿ ಚುಕ್ಕೆಗೆ ಆಸೆಬಿದ್ದು ಕೂತ ನನ್ನ ಮುಂದೆ ಆ ಸೀಟಿಯವನೇ ವಾಸಿ ಎಂದು ಈಗ ಅನಿಸುತ್ತದೆ.

ಆ ದಿನ ಕಾಕಿ ನನ್ನ ಮಗ್ಗುಲಲ್ಲೇ ಇದ್ದಳು. ಹೊಸ ಲಡಿ ಬಿಚ್ಚಿ, ಹಳೆಯದರ ಪಕ್ಕ ಹಿಡಿದು, ಅಭ್ಯಾಸದಂತೆ ನನ್ನ ಕಡೆ ಎತ್ತಿದಳು. ಬಾಯಿ ಬಿಡಲಿಲ್ಲ. ನಾನು ನೋಡಿದೆ. ಎರಡು ಕೆಂಪು ಬೇರೆ ಬೇರೆ ಇದ್ದವು. ಮಾಲಕ ಬಾಗಿಲಲ್ಲೇ ನಿಂತಿದ್ದ. ನಾನು ರಾಟಿಯ ಕಡೆ ತಿರುಗಿದೆ. ತಲೆ ಅಲ್ಲಾಡಿಸಿದ್ದರೂ ಸಾಕಿತ್ತು... ಅವಳು ಕಾದು, ಹೊಸ ಲಡಿಯನ್ನೇ ಏರಿಸಿ ಸುತ್ತತೊಡಗಿದಳು.

ನೇಯ್ಗೆ ಮುಗಿದು ಸೀರೆಗಳನ್ನು ಬಿಸಿಲಿಗೆ ಹಿಡಿದು ಮಡಿಸುವಾಗ ಪಟ್ಟೆಗಳು ಎದ್ದು ಕಂಡವು. ಮುಧೋಳದ ಒಂದು ಮದುವೆಗೆ ಹೋಗಬೇಕಿದ್ದ ಸೀರೆಗಳು. ಮಾಲಕ ಓಣಿಗೆಲ್ಲ ಕೇಳುವಂತೆ ಕಿರುಚಿದ. "ಕಣ್ಣ ಕಾಣಂಗಿಲ್ಲಂದ್ರ ಮನ್ಯಾಗ ಕುಂದರಬೇಕಿತ್ತಿಲ್ಲ? ನನ್ನ ಮಾಲ ಯಾಕ ಹಾಳ ಮಾಡಿದಿ?"

"ನನ್ನ ತಪ್ಪ ಐತ್ರಿ," ಎಂದಳು ಕಾಕಿ. ನನ್ನ ಹೆಸರು ಎತ್ತಲಿಲ್ಲ. ಆ ವಾರವೇ ಚಿಮ್ಮಡದ ಮಗಳ ಮನೆಗೆ ಹೋದಳು. ಎರಡು ತಿಂಗಳಾದ ಮೇಲೆ ಮಾಲಕ ಸೀಟಿ ಹೊಡೆಯುವುದನ್ನು ಬಿಟ್ಟ, ಪಟ್ಟಿಯೂ ಹರಿಯಿತು, ನಾವು ಮತ್ತೆ ದುಂಡಗೆ ಕೂತೆವು. ಐದು ಜನ.

ಚಿಮ್ಮಡಕ್ಕೆ ಹೋಗಲು ನನಗೆ ಆರು ವರ್ಷ ಹಿಡಿಯಿತು. ಪಕ್ಕದ ಬನಹಟ್ಟಿಯಿಂದ ಆಟೋದಲ್ಲಿ ಹೋಗಿಬರಲು ಅರ್ಧ ದಿನವೂ ಬೇಡ. ಅಂಗಳದಲ್ಲಿ ಕೂತಿದ್ದಳು, ಪೂರ್ತಿ ಕುರುಡಿ. ದನಿಯಿಂದಲೇ ಗುರುತು ಹಿಡಿದು ಕೈ ಸವರಿದಳು. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ಅದನ್ನು ತೆಗೆಯುವ ಮೊದಲೇ ಅವಳು ಕೇಳಿದಳು.

"ಆ ದಿನ ನಿಂದೆಷ್ಟ ಕಂಡಕಿ ಆಗಿದ್ವು ಬೇ?"

ನೆನಪಿಲ್ಲ ಎನ್ನಬಹುದಿತ್ತು. "ನೂರಾ ಹದಿನಾಕ," ಎಂದೆ.

"ಎಲ್ಲಾರಕಿಂತ ಹೆಚ್ಚೇನ?"

"ಹೂಂನ್ರಿ ಕಾಕಿ."

"ಛಲೋ ಆತು," ಎಂದು, ನನಗೆ ಚಹಾ ಮಾಡಲು ಮಗಳನ್ನು ಕೂಗಿದಳು.

ಮರುವರ್ಷ ತೀರಿಕೊಂಡಳು. ನಾನು ಈಗ ನಾಲ್ಕು ಜನರನ್ನಿಟ್ಟುಕೊಂಡು ಅಂಗಡಿ ನಡೆಸುತ್ತೇನೆ, ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತೇನೆ, ಚುರುಕಿನ ಹೆಂಗಸು ಎಂದು ಪೇಟೆಯಲ್ಲಿ ಹೆಸರಿದೆ. ಆ ಚುರುಕೆಲ್ಲ ಕಾಕಿಯದು. ಅಂದು ಆ ಅಂಗಳದಲ್ಲಿ ಅವಳು ನನ್ನನ್ನು ಬೈದಿದ್ದರೆ ಆ ಎರಡು ಕೆಂಪನ್ನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.