ಇವನು ಯಾರ ಕಡೆಯವನು?

ಅಮೆರಿಕದ ಲಿವೋನಿಯಾ ಊರಿನ ಲೈಬ್ರರಿಯಲ್ಲಿ ಮಂಗಳವಾರ ಮಧ್ಯಾಹ್ನ ಬಿಟ್ಟಿ ಸಿನಿಮಾ. ರಿಸೆಷನ್ನಿನಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರುಗಳಿಂದಲೇ ಹಾಲ್ ತುಂಬಿತ್ತು. ನನ್ನನ್ನು ಕರೆತಂದ ಮೈಸೂರಿನ ಗೆಳೆಯ ರಾಘುವೂ ಅವರಲ್ಲೊಬ್ಬ. ಉಳಿದಿದ್ದ ಎರಡೇ ಕುರ್ಚಿಗಳ ಪಕ್ಕದಲ್ಲಿ ಧಾರವಾಡದ ಪಾಟೀಲರು ಕೂತಿದ್ದರು. ಕನ್ನಡ ಸಂಘದ ಯುಗಾದಿ ಊಟಕ್ಕೆ ಸಿಹಿ ಯಾವುದೆಂದಾಗ ರಾಘು ಚಿರೋಟಿ ಎಂದಿದ್ದ, ಅವರು ಹೋಳಿಗೆ ಎಂದಿದ್ದರು. ಆ ಜಗಳವಾಗಿ ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಬೇರೆ ದಾರಿಯಿಲ್ಲದೆ ರಾಘು ಅವರ ಪಕ್ಕ ಕೂತ.

ಮೆಕ್ಸಿಕೋದ ಹಳೆಯ ಕಪ್ಪುಬಿಳುಪು ಚಿತ್ರ. ಎರಡು ಮನೆತನಗಳು ಅಜ್ಜಂದಿರ ಕಾಲದಿಂದ ಒಬ್ಬರನ್ನೊಬ್ಬರು ಕೊಲ್ಲುತ್ತಿವೆ. ಎಲ್ಲರಿಗೂ ಅದೇ ಮೀಸೆ, ಅದೇ ಟೋಪಿ. ಯಾರು ಯಾರಿಗೆ ಏನಾಗಬೇಕೆಂದು ತಿಳಿಯದೆ ಸಿನಿಮಾ ನೋಡುವುದು ನಮ್ಮವರಿಂದ ಆಗದ ಕೆಲಸ. ಮೂರನೇ ಹೆಣ ಬಿದ್ದು ಹೊಸ ಮೀಸೆಯೊಂದು ಬಂದೂಕು ಎತ್ತಿದಾಗ ರಾಘು ತಡೆಯಲಾರದೆ ಪಕ್ಕಕ್ಕೆ ವಾಲಿದ.

“ಇವನು ಯಾರ ಕಡೆಯವನು?”

“ಈಗ ಸತ್ತನಲ್ರೀ, ಅಂವನ ಅಳಿಯ,” ಎಂದರು ಪಾಟೀಲರು, ಪರದೆಯಿಂದ ಕಣ್ಣು ತೆಗೆಯದೆ.

“ಮತ್ತೆ ಆ ಬಿಳಿ ಕುದುರೆಯವನು?”

“ಅಂವ ಆ ಕಡ್ಯಾಂವ. ಆದ್ರ ಹೆಣ್ಣು ಈ ಮನೀದು ಮಾಡ್ಕೊಂಡಾನ.”

ಆಮೇಲೆ ಇಬ್ಬರೂ ಬಾಯಿ ಮುಚ್ಚಲಿಲ್ಲ. ಹಿಂದಿನ ಸಾಲಿನ ಅಜ್ಜಿ ಎರಡು ಸಲ ಶ್ ಶ್ ಎಂದರು.

ಚಿತ್ರ ಮುಗಿದು ದೀಪ ಹತ್ತಿತು. ಇಬ್ಬರಿಗೂ ಒಟ್ಟಿಗೇ ಜಗಳ ನೆನಪಾಯಿತು. ರಾಘು ಕೋಟಿನ ಗುಂಡಿ ಹಾಕತೊಡಗಿದ.

“ನಿಮ್ಮನ್ಯಾಗ ಚಿರೋಟಿ ಅದಾವೇನ್ರೀ?” ಪಾಟೀಲರು ಮೆಲ್ಲಗೆ ಕೇಳಿದರು.

“ಇಲ್ಲ ಸಾರ್,” ರಾಘು ತಲೆ ತಗ್ಗಿಸಿ ನಕ್ಕ. “ಹೋಳಿಗೆ ಇದೆ.”