ಗಂಗವ್ವತ್ತೆಯ ಸುತ್ತಿನ ಗಿಡ

ಕಲ್ಲಿನ ಮೇಲೆ ಹುರಮಂಜಿನ ಕೆಂಪು ಹೆಂಟೆ ತೇಯುವಾಗ ತಣ್ಣನೆಯ ಮಣ್ಣಿನ ವಾಸನೆಯೊಂದು ಏಳುತ್ತದೆ. ಅದಕ್ಕೆ ಹಸಿ ಎಲೆಯ ಕಹಿ ರಸ ಬಿದ್ದರೆ ವಾಸನೆ ಮೂಗಿನಿಂದ ಗಂಟಲಿಗೇ ಇಳಿಯುತ್ತದೆ. ಔಷಧಿ ಗಿಡಗಳನ್ನು ಜನ ಹೇಗೆ ಬಳಸುತ್ತಾರೆಂದು ಬರೆದುಕೊಳ್ಳುತ್ತ ಸವದತ್ತಿ, ರಾಮದುರ್ಗದ ಊರೂರು ತಿರುಗುವ ನನಗೆ, ಹೋದ ವರ್ಷ ಹೂಲಿಯ ಒಂದು ಮನೆಯ ಅಂಗಳದಲ್ಲಿ ಆ ವಾಸನೆ ಬಡಿಯಿತು. ಬರೆಯುವ ಕೈ ನಿಂತಿತು. ನಾನಾಗಲೇ ಸುರೇಬಾನದ ಗಂಗವ್ವತ್ತೆಯ ಪಡಸಾಲೆಯಲ್ಲಿದ್ದೆ. ಕೆಡವಿದ ಮೇಲೂ ಮನಸ್ಸಿನಲ್ಲಿ ಬೀಳದ ಇಂಥ ಮನೆಯೊಂದು ನಿಮಗೂ ಇದ್ದಿರಬೇಕು.

ಗಂಗವ್ವತ್ತೆ ನನ್ನ ಅಪ್ಪನ ತಂಗಿ. ಸಾಲೆಗೆ ಸೂಟಿ ಬಿಟ್ಟೊಡನೆ ನನ್ನನ್ನು ಅವಳ ಮನೆಗೆ ಕಳಿಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಮಾವನ ಹೊಲಿಗೆ ಮಷೀನಿನ ಸದ್ದು. ಒಳಗೆ, ಎಳೆಬಿಸಿಲು ಬೀಳುವ ಪಡಸಾಲೆಯಲ್ಲಿ, ಸರ್ಪಸುತ್ತಾದವರು ಬೆಳಗ್ಗೆ ಏನೂ ತಿನ್ನದೆ ಬಂದು ಕಾಯುತ್ತಿದ್ದರು. ಸೊಂಟದ ಸುತ್ತ ಕೆಂಪಗೆ ಎದ್ದ ಗುಳ್ಳೆಗಳ ಉರಿಗೆ ದೊಡ್ಡ ಗಂಡಸರೂ ಹಲ್ಲು ಕಚ್ಚುತ್ತಿದ್ದರು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಹಿತ್ತಲಿಗೆ ಹೋಗಿ, ಬಚ್ಚಲ ನೀರು ಹರಿಯುವಲ್ಲಿ ಬೆಳೆದಿದ್ದ ಗಿಡದಿಂದ ಎಲೆ ಕಿತ್ತು, ಯಾರೊಡನೆಯೂ ಮಾತಾಡದೆ ಮರಳುತ್ತಿದ್ದಳು. ಹುರಮಂಜು ತೇಯುವುದು ನನ್ನ ಕೆಲಸ. ಅವಳು ನವಿಲುಗರಿಯಿಂದ ಗುಳ್ಳೆಗಳ ಸುತ್ತ ಕೆಂಪು ಗೆರೆ ಎಳೆಯುವಾಗ, ಗುಳ್ಳೆಗಳ ಹಾವು ಸೊಂಟ ಸುತ್ತಿ ತಲೆಗೆ ಬಾಲ ಕೂಡಿಬಿಟ್ಟರೆ ಮನುಷ್ಯ ಉಳಿಯುವುದಿಲ್ಲವೆಂದು ಕೇಳಿದ್ದ ನಾನು ಉಸಿರು ಹಿಡಿದು ನೋಡುತ್ತಿದ್ದೆ. ಗಿಡದ ಹೆಸರು ಕೇಳಿದರೆ, “ಹೆಸರ ಹೇಳಿದ್ರ ಗುಣ ಹೋಗ್ತೈತಿ. ನೀ ಸುಮ್ನ ತೇಯಿ” ಎನ್ನುತ್ತಿದ್ದಳು.

ದೊಡ್ಡವಳಾಗಿ ಅದೇ ಪಡಸಾಲೆಗೆ ನಾನು ಫಾರ್ಮು ಹಿಡಿದು ಹೋದೆ. ಗಿಡದ ಹೆಸರು, ಬಳಸುವ ಭಾಗ, ಪ್ರಮಾಣ, ಹೇಳಿದವರ ಸಹಿ. ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, “ನನ್ನ ಮುಂದ ಆಡಿ ಬೆಳದಾಕಿ, ನನ್ನ ಸಹಿ ಇಲ್ಲದ ನಂಬಂಗಿಲ್ಲೇನವ್ವಾ?” ಎಂದಳು. ನಾನು ಫಾರ್ಮು ಮಡಚಿ ಚೀಲಕ್ಕಿಟ್ಟೆ. ಆಮೇಲೆ ಅವಳೇ ಮನಸ್ಸು ಕರಗಿ ಹಿತ್ತಲಿಗೆ ಕರೆದೊಯ್ದಳು. ತೊರಗಲ್ ಗುಡ್ಡದಿಂದ ಅವಳ ಅತ್ತೆ ತಂದು ಹಚ್ಚಿದ ಗಿಡವಂತೆ. ಹೆಸರು ಅವಳಿಗೂ ಗೊತ್ತಿರಲಿಲ್ಲ; ‘ಸುತ್ತಿನ ಗಿಡ’, ಅಷ್ಟೇ. ಒಂದು ಟೊಂಗೆ ಮುರಿದು ಕೊಟ್ಟಳು. ಅದರಲ್ಲಿ ಹೂವಿರಲಿಲ್ಲ.

“ಹೂ ಬೇಕ ಅತ್ತಿ. ಹೂ ಇಲ್ಲದ ಇದು ಯಾವ ಗಿಡ ಅಂತ ಖಾತ್ರಿ ಹೇಳಾಕ ಬರಂಗಿಲ್ಲ” ಎಂದೆ.

“ಹೂ ಬಿಟ್ಟ ಮ್ಯಾಲ ಎಲಿಯಾಗ ಗುಣ ಇರಂಗಿಲ್ಲ. ಅದಕ್ಕ ನಾ ಕುಡಿ ಚಿವುಟತೇನಿ. ನಿನ್ನ ಸಲುವಾಗಿ ಈ ಸರ್ತಿ ಬಿಡತೇನಿ. ಶ್ರಾವಣದಾಗ ಬಾ.”

ಶ್ರಾವಣ ಬಂತು, ನಾನು ಹೋಗಲಿಲ್ಲ. ಬೈಲಹೊಂಗಲ, ಕಿತ್ತೂರಿನ ಕಡೆಯ ಊರುಗಳು ಬಾಕಿ ಇದ್ದವು, ವರದಿ ಕೊಡಬೇಕಿತ್ತು; ಮನೆಯ ಅತ್ತೆ ಎಲ್ಲಿಗೆ ಹೋಗುತ್ತಾಳೆ ಅನ್ನಿಸಿತ್ತು. ಎರಡು ಸಲ ಅವಳು ಫೋನು ಮಾಡಿಸಿದಳು: “ಹೂ ಬಿಟ್ಟಾವ, ಬಿಳೇವು, ಸಣ್ಣವು. ಉದುರೂದ್ರೊಳಗ ಬಾ.” ಎರಡು ಸಲವೂ “ಮುಂದಿನ ವಾರ ಬರತೇನಿ” ಎಂದೆ. ದಸರೆಗೆ ಮೊದಲೇ ಅವಳು ಹೋಗಿಬಿಟ್ಟಳು. ಮತ್ತೆ ನಾನು ಹಿತ್ತಲು ನೋಡಲು ಹೋಗುವ ಹೊತ್ತಿಗೆ ಅವಳ ಮಗ ಮನೆ ಕೆಡವಿ ಗೊಬ್ಬರದ ಗೋದಾಮು ಕಟ್ಟಿಸಿದ್ದ, ಬಚ್ಚಲಿದ್ದಲ್ಲಿ ಕಾಂಕ್ರೀಟು. ಅವನನ್ನು ಬೈಯಲು ನನಗೆ ಯಾವ ಬಾಯಿ ಇತ್ತು? ಮೂರು ಮಳೆಗಾಲ ತೊರಗಲ್ ಗುಡ್ಡ ಹತ್ತಿಳಿದೆ. ಬಿಳಿ ಹೂವಿನ, ಅಂಥದೇ ಎಲೆಯ ಗಿಡಗಳು ಮೂರು ಜಾತಿಯವು ಸಿಕ್ಕವು. ಎಲೆ ಉಜ್ಜಿ ಮೂಸಿದಾಗಲೆಲ್ಲ ಇದೇ ಅನ್ನಿಸುತ್ತಿತ್ತು, ಮರುಗಳಿಗೆ ಅಲ್ಲ ಅನ್ನಿಸುತ್ತಿತ್ತು. ಅವಳು ಕೊಟ್ಟ ಒಣಗಿದ ಟೊಂಗೆಯ ಮುಂದೆ ಮೂರನ್ನೂ ಇಟ್ಟು, ನನ್ನ ಮೇಲೆಯೇ ಸಿಟ್ಟು ಬಂದು ಅತ್ತಿದ್ದೇನೆ.

ಹೋದ ತಿಂಗಳು ಆ ಗೋದಾಮಿನ ಮುಂದೆ ಬಸ್ಸಿಗೆ ನಿಂತಿದ್ದೆ. ಅಂಗಿ ಮೈಗೆ ತಾಕದಂತೆ ಎತ್ತಿ ಹಿಡಿದುಕೊಂಡು ಮುದುಕರೊಬ್ಬರು ಬಂದು, “ಗಂಗವ್ವಾರ ಮನಿ ಇಲ್ಲೇ ಇತ್ತಲ್ರಿ?” ಎಂದರು. ಅತ್ತೆ ಇಲ್ಲವೆಂದು ಹೇಳಿದೆ. ಅವರು ಗೋಡೆ ಹಿಡಿದು ಮೆಲ್ಲಗೆ ಕುಳಿತರು.

“ನೀವು ಅವರಿಗೆ ಏನಾಗಬೇಕ್ರಿ?”

“ಅಣ್ಣನ ಮಗಳ್ರಿ.”

“ಹಂಗಾರ ಆ ಸೊಪ್ಪು ನಿಮಗ ಗೊತ್ತಿರಬೇಕಲ್ರಿ?”

ಗಿಡಗಳ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. “ಇಲ್ರಿ ಅಜ್ಜಾರ” ಎಂದೆ. ದವಾಖಾನೆಗೇ ಹೋಗಬೇಕೆಂದು ತಿಳಿಹೇಳಿ, ರಾಮದುರ್ಗದ ಬಸ್ಸು ಬಂದಾಗ ಅವರನ್ನು ಕೈಹಿಡಿದು ಹತ್ತಿಸಿ ಪಕ್ಕದಲ್ಲಿ ಕುಳಿತೆ. ಇಳಿಯುವಾಗ ಅವರು, ನನ್ನನ್ನು ಸಮಾಧಾನ ಮಾಡುವವರಂತೆ, “ಗಂಗವ್ವಾರ ಕೈ ಭಾಳ ತಂಪಿತ್ತರಿ” ಎಂದರು.